ಸಂಶಯಕ್ಕೂ ಒಂದು ಸ್ಥಾನ

ಆರಾಧನೆಯ ತೀರ್ಥಪ್ರಸಾದಕ್ಕೆಂದು ಬಂದಿದ್ದ ಕಾಲೇಜು ತರುಣನೊಬ್ಬನು ನನ್ನನ್ನು ಪಕ್ಕಕ್ಕೆ ಕರೆದು, "ಆಚಾರ್ಯರೆ, ನಂಬಿಕೆಯಿಲ್ಲದೆ ಮಾಡುವ ಸಂಧ್ಯಾವಂದನೆಗೆ ಫಲ ಉಂಟೇನ್ರಿ?" ಎಂದು ಕೇಳಿದನು. ತಂದೆಯವರ ಕಿವಿಗೆ ಬಿದ್ದೀತೆಂಬ ಅಂಜಿಕೆಯಿಂದ ಅವನ ದನಿ ತಗ್ಗಿತ್ತು. ಪಾಠಶಾಲೆಯನ್ನು ಬಿಟ್ಟು ಬಿ.ಎ. ತರಗತಿಯಲ್ಲಿ ಕುಳಿತ ದಿನಗಳಲ್ಲಿ ಇದೇ ಪ್ರಶ್ನೆ ನನ್ನನ್ನೂ ಕಾಡಿತ್ತು. ಅರ್ಚಕರ ಮಗನಾದ ನಾನು ಅದನ್ನು ಯಾರಲ್ಲಿಯೂ ಬಾಯಿಬಿಟ್ಟು ಕೇಳಿರಲಿಲ್ಲ.

ಇಂಗ್ಲಿಷ್ ವಿದ್ಯೆ ಬಂದಿತು, ನಂಬಿಕೆ ಹೋಯಿತು ಎಂದು ಹಿರಿಯರು ನಿಟ್ಟುಸಿರಿಡುವುದುಂಟು. ಈ ಮಾತು ನಮ್ಮ ಸೀಮೆಯ ಚರಿತ್ರೆಗೇ ಒಪ್ಪುವುದಿಲ್ಲ. ಗುರುದೇವ ರಾ. ದ. ರಾನಡೆಯವರು ಜನಿಸಿದುದು 1886ರಲ್ಲಿ, ಇದೇ ಜಮಖಂಡಿಯಲ್ಲಿ. 1901ರಲ್ಲಿ, ಇನ್ನೂ ಶಾಲೆಯ ಬಾಲಕರಾಗಿದ್ದಾಗ, ಉಮದಿಯ ಭಾವೂಸಾಹೇಬ ಮಹಾರಾಜರಿಂದ ಅವರಿಗೆ ನಾಮೋಪದೇಶವಾಯಿತು. ಮುಂದೆ ಅವರು ಗ್ರೀಕ್ ದಾರ್ಶನಿಕರನ್ನು ಆಳವಾಗಿ ವ್ಯಾಸಂಗ ಮಾಡಿದರು. 1926ರಲ್ಲಿ ಉಪನಿಷತ್ತುಗಳ ತತ್ತ್ವವನ್ನು ಕುರಿತು ಇಂಗ್ಲಿಷಿನಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದರು. ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ, ಕುಲಪತಿಗಳಾಗಿ ಮೆರೆದರು. ಆದರೂ ನಾಮವು ಬಿಡಲಿಲ್ಲ. 1957ರಲ್ಲಿ ನಿಂಬಾಳದ ಆಶ್ರಮದಲ್ಲಿ ದೇಹವಿಟ್ಟರು. ಮುಧೋಳ, ಬನಹಟ್ಟಿಗಳಿಂದ ನಿತ್ಯವೂ ಜಮಖಂಡಿಗೆ ಬಸ್ಸಿನಲ್ಲಿ ಓಡಾಡುವ ನಮ್ಮ ಹುಡುಗರಲ್ಲಿ ಎಷ್ಟು ಜನ ಈ ಹೆಸರನ್ನು ಕೇಳಿದ್ದಾರೋ!

ಅವರ ಮಾತೆಲ್ಲವೂ ನಮಗೆ ಸಮ್ಮತವೆಂದು ನಾನು ಹೇಳಲಾರೆ. ಹರಿದಾಸರನ್ನೂ ವಚನಕಾರರನ್ನೂ ಅವರು ಒಂದೇ ಅನುಭಾವದ ಪಥಿಕರಾಗಿ ಕಂಡರು. ಪಂಚಭೇದವನ್ನೂ ತಾರತಮ್ಯವನ್ನೂ ಒಪ್ಪಿದ ನಮಗೆ ಅಲ್ಲಿ ತೊಡಕುಂಟು. ಆದರೆ ನಂಬಿಕೆಯನ್ನು ಅನುಭವದ ಒರೆಗೆ ಹಚ್ಚಬೇಕೆಂಬ ಅವರ ಹಟವು ನಮಗೆ ಪರಕೀಯವೇ? ಜ್ಞಾನದ ಪ್ರಾಮಾಣ್ಯವನ್ನು ನಿಶ್ಚಯಿಸುವುದು ಸಾಕ್ಷಿಯೆಂದು ಶ್ರೀಮದಾಚಾರ್ಯರೇ ಸಾರಿದ್ದಾರಲ್ಲವೆ? ಬ್ರಹ್ಮಸೂತ್ರದ ಒಂದೊಂದು ಅಧಿಕರಣದಲ್ಲಿಯೂ ವಿಷಯದ ಬೆನ್ನಿಗೇ ಬರುವ ಅಂಗವು ಸಂಶಯ. ಅದನ್ನು ಹಾಯದೆ ಸಿದ್ಧಾಂತಕ್ಕೆ ದಾರಿಯಿಲ್ಲ.

ಸಂಶಯಾತ್ಮನು ನಾಶ ಹೊಂದುವನೆಂದು ಗೀತೆಯ ನಾಲ್ಕನೆಯ ಅಧ್ಯಾಯವು ಹೇಳುತ್ತದೆಯಲ್ಲ ಎಂದು ವಾಚಕರು ಕೇಳುವರು. ನಿಜ. ಆದರೆ ಅದೇ ಅಧ್ಯಾಯದ ಆರಂಭವನ್ನೂ ನೋಡಬೇಕು. ವಿವಸ್ವಂತನು ಮೊದಲು ಹುಟ್ಟಿದವನು, ನೀನು ಅನಂತರ ಹುಟ್ಟಿದವನು. ನೀನು ಅವನಿಗೆ ಉಪದೇಶಿಸಿದೆಯೆಂಬುದನ್ನು ಹೇಗೆ ತಿಳಿಯಲಿ ಎಂದು ಅರ್ಜುನನು ಕೇಳುತ್ತಾನೆ. ಇದು ಇಂದಿನ ಇತಿಹಾಸದ ವಿದ್ಯಾರ್ಥಿಯೂ ಕೇಳಬಹುದಾದ ಪ್ರಶ್ನೆ! ಭಗವಂತನು ಗದರಲಿಲ್ಲ, ತನ್ನ ಅವತಾರದ ರಹಸ್ಯವನ್ನೇ ತೆರೆದಿಟ್ಟನು. ಸಂಶಯವನ್ನು ಗುರುಗಳ ಮುಂದೆ ತಂದಿಡುವವನು ಬೇರೆ, ಅದರಲ್ಲಿಯೇ ಮನೆಮಾಡಿಕೊಂಡವನು ಬೇರೆ. ನಮ್ಮ ಮನೆಗಳಲ್ಲಿ ಬಾಯಿ ಮುಚ್ಚಿಸುವುದರಿಂದ ಮೊದಲನೆಯವನು ಎರಡನೆಯವನಾಗುತ್ತಿದ್ದಾನೆಂಬುದೇ ನನ್ನ ಚಿಂತೆ.

ಇದನ್ನೆಲ್ಲ ಆ ತರುಣನಿಗೆ ಹೇಳಿ, ಅರ್ಘ್ಯವನ್ನು ನಿಲ್ಲಿಸಬೇಡವೆಂದೆ. ಅವನು ತುಸು ಯೋಚಿಸಿ, "ಸಿದ್ಧಾಂತವು ಈ ಜನ್ಮದಲ್ಲಿ ದೊರೆಯದೆ ಹೋದರೆ?" ಎಂದನು. ಆ ಮಾತಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ. ಏಕಾದಶಿಯ ಪ್ರವಚನಕ್ಕೆ ಮತ್ತೆ ಬರುತ್ತೇನೆಂದು ಹೇಳಿಹೋಗಿದ್ದಾನೆ.

॥ ಶ್ರೀಕೃಷ್ಣಾರ್ಪಣಮಸ್ತು ॥