ಯಾರ ಸಹಿ?

ಎರಡನೇ ಹೆರಿಗೆಯಾದ ಮೇಲೆ, 1998ರಲ್ಲಿ, ನನಗೆ ಆಪರೇಷನ್ ಆಯಿತು. ಇಂಜೆಕ್ಷನ್ ಕೊಟ್ಟೊಡನೆ ಮಾಳಿಗೆ ದೂರ ದೂರ ಸರಿಯಿತು, ನನ್ನನ್ನೇ ನಾನು ಮೇಲಿನಿಂದ ನೋಡುತ್ತಿದ್ದೆ. ಸತ್ತುಹೋದ ಅಜ್ಜಿಯೊಡನೆ ಜೋರಾಗಿ ಮಾತಾಡಿದೆನಂತೆ. ಮನ್ನಾಏಖೇಳ್ಳಿಗೆ ಬಂದಮೇಲೆ ಅತ್ತೆ ದೃಷ್ಟಿ ತೆಗೆದರು! ಆ ಔಷಧ ಕೆಟಮಿನ್ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಿಮ್ಮಲ್ಲೂ ಕೆಲವರು ಅದರ ಆಟ ಕಂಡಿರಬಹುದು. ಅಂದು ಕಾಗದಕ್ಕೆ ಸಹಿ ಹಾಕಿದವರು ಯಜಮಾನರು. ಬಿ.ಎ., ಬಿ.ಎಡ್. ಓದಿದ ನನ್ನನ್ನು ಯಾರೂ ಕೇಳಲಿಲ್ಲ.

ಮೆದುಳಿನ ಕಣಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಳಸುತ್ತವೆ. ಅದನ್ನು ಬರಮಾಡಿಕೊಳ್ಳುವ ಬಾಗಿಲುಗಳಲ್ಲಿ ಒಂದನ್ನು ಕೆಟಮಿನ್ ಮುಚ್ಚುತ್ತದೆ. 1994ರಲ್ಲಿ ಅಮೆರಿಕದ ಯೇಲ್‌ನಲ್ಲಿ ಆರೋಗ್ಯವಂತರಿಗೆ ಅದನ್ನು ಕೊಟ್ಟು ನೋಡಿದಾಗ ಸ್ಕಿಜೋಫ್ರೇನಿಯಾದ ಕೆಲವು ಲಕ್ಷಣಗಳು ಸ್ವಲ್ಪ ಹೊತ್ತು ಕಾಣಿಸಿದವು. ಹಾಗಾದರೆ ಆ ಬಾಗಿಲನ್ನು ಚುರುಕುಗೊಳಿಸಿದರೆ ಕಾಯಿಲೆ ಇಳಿದೀತೇ? ಈ ಆಸೆಯಿಂದ ದೊಡ್ಡ ಕಂಪನಿಗಳು ಔಷಧ ಮಾಡಿದವು. ರೋಶ್ ಕಂಪನಿಯದು 2014ರಲ್ಲಿ ಸೋತಿತು, ಬೋರಿಂಗರ್‌ನದು 2025ರಲ್ಲಿ. ಹುಸಿಮಾತ್ರೆಗಿಂತ ಹೆಚ್ಚೇನೂ ಆಗಲಿಲ್ಲ. ವಿಚಿತ್ರವೆಂದರೆ, ಬಾಗಿಲು ಮುಚ್ಚುವ ಕೆಟಮಿನ್ನೇ ಖಿನ್ನತೆಗೆ ಮದ್ದಾಯಿತು. ಹಳೆಯ ಮಾತ್ರೆಗಳು ವಾರಗಟ್ಟಲೆ ಕಾಯಿಸುತ್ತವೆ. ಇದು ಕೆಲವರಿಗೆ ಒಂದೇ ದಿನದಲ್ಲಿ ಹಿಡಿಯುತ್ತದೆ, ಆದರೆ ಬಹುಬೇಗ ಇಳಿದೂ ಹೋಗುತ್ತದೆ. ಇದರ ತಂಗಿಯಂಥ ಮೂಗಿನ ಸ್ಪ್ರೇಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು.

ಇದನ್ನೆಲ್ಲ ನಾನು ಓದಿದ್ದು ಚಿಕ್ಕಮ್ಮನ ಮಗಳಿಗಾಗಿ. ವರ್ಷದಲ್ಲಿ ಎರಡು ಮೂರು ಸಲ ಅವಳು ಗೋಡೆಗೆ ಮುಖಮಾಡಿ ಮಲಗಿಬಿಡುತ್ತಾಳೆ. ಊಟ ಬೇಕೇ ಎಂದರೂ, ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗೋಣವೇ ಎಂದರೂ ಒಂದೇ ಉತ್ತರ, "ನಿಮ್ಮ ಮರ್ಜಿ." ಹೊಸ ಔಷಧದ ಪ್ರಯೋಗಕ್ಕೆ ಕರೆದರೂ ಅದನ್ನೇ ಅಂದಾಳು. ಅದು ಒಪ್ಪಿಗೆಯೇ? ಸಾಯಲೂ ಅಡ್ಡಿಯಿಲ್ಲ ಎನ್ನುವವಳಿಗೆ ಅಪಾಯವನ್ನು ವಿವರಿಸಿ ಏನು ಬಂತು? ಹಾಗೆಂದು ಇಂಥವರನ್ನು ಬಿಟ್ಟು ಹಗುರ ಕಾಯಿಲೆಯವರ ಮೇಲಷ್ಟೇ ಪರೀಕ್ಷಿಸಿದರೆ, ಅವಳಿಗೆ ಹಿಡಿಯುವ ಮದ್ದು ಎಂದಾದರೂ ಬಂದೀತೇ? ನನಗೆ ಎರಡೂ ಅನ್ಯಾಯವಾಗಿಯೇ ಕಾಣುತ್ತವೆ. ಎರಡನೆಯದು ಸದ್ದಿಲ್ಲದ ಅನ್ಯಾಯ, ಅಷ್ಟೇ.

2017ರ ಮಾನಸಿಕ ಆರೋಗ್ಯ ಕಾಯಿದೆಯಲ್ಲಿ ಒಂದು ಒಳ್ಳೆಯ ಮಾತಿದೆ. ಹುಷಾರಾಗಿರುವಾಗಲೇ, ಮುಂದೆ ಕಾಯಿಲೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಬರೆದಿಡಬಹುದು. ತನ್ನ ಪರವಾಗಿ ನಿಲ್ಲುವವರನ್ನು ಹೆಸರಿಸಬಹುದು. ಕಳೆದ ಶ್ರಾವಣದಲ್ಲಿ ಅವಳು ಚೆನ್ನಾಗಿದ್ದಳು, ನಗುತ್ತ ಹೂರಣ ರುಬ್ಬುತ್ತಿದ್ದಳು. ಆಗ ಇದನ್ನು ಹೇಳಿದೆ. ಕೈ ತೊಳೆದು ಬಂದು ಕೇಳಿದಳು, "ಅಕ್ಕಾ, ನಿನ್ನ ಹೆಸರ ಬರೀಲೇನು?"

ಹೂಂ ಎನ್ನಲು ನನಗೆ ಎರಡು ದಿನ ಬೇಕಾಯಿತು. ಅವಳು ಗೋಡೆಗೆ ಮುಖಮಾಡಿದ ದಿನ, ಸಾಕಾಗಿ, ಸಿಕ್ಕ ಕಾಗದಕ್ಕೆಲ್ಲ ಸಹಿ ಹಾಕಿಬಿಡುವವಳು ನಾನೂ ಆಗಬಹುದು.