ಪರದೇಶದ ಸಂಬಳವನ್ನು ಅಳೆಯುವ ಬಗೆ

ಪರದೇಶದ ಕೆಲಸದ ಆಫರ್ ಕೈಗೆ ಬಂದ ಕೂಡಲೇ ಮನೆಯಲ್ಲಿ ನಡೆಯುವ ಮೊದಲ ಕೆಲಸ ಗುಣಾಕಾರ. ವರ್ಷಕ್ಕೆ 60,000 ಯೂರೋ ಎಂದಿದ್ದರೆ, ಯೂರೋಗೆ ನೂರು ರೂಪಾಯಿ ಎಂಬ ಸುಲಭದ ಲೆಕ್ಕದಲ್ಲಿ ಅದು 60 ಲಕ್ಷ. ಬೆಂಗಳೂರಿನಲ್ಲಿ 25 ಲಕ್ಷ ಎಣಿಸುತ್ತಿರುವವರಿಗೆ ಬದುಕು ಒಂದೇ ನೆಗೆತಕ್ಕೆ ಹೆಚ್ಚುಕಡಿಮೆ ಎರಡೂವರೆ ಪಟ್ಟಾದಂತೆ ಕಾಣುತ್ತದೆ. ಮಗ್ಗಿಯ ಪ್ರಕಾರ ಇದು ಸರಿ, ಆದರೆ ಊರು ಬಿಡುವ ತೀರ್ಮಾನಕ್ಕೆ ಇದು ಆಧಾರವಾಗದು. ಯೂರೋದಲ್ಲಿ ದುಡಿದು ಯೂರೋದಲ್ಲೇ ಖರ್ಚಾಗುವ ಹಣಕ್ಕೂ ರೂಪಾಯಿಯ ವಿನಿಮಯ ದರಕ್ಕೂ ಯಾವ ಸಂಬಂಧವೂ ಇಲ್ಲ. ರೂಪಾಯಿಗೆ ಗುಣಿಸಬೇಕಾದದ್ದು ತಿಂಗಳ ಕೊನೆಗೆ ಉಳಿದು ಊರಿಗೆ ಬರುವ ಹಣವನ್ನು ಮಾತ್ರ.

ವಿನಿಮಯ ದರಕ್ಕೂ ಕೊಳ್ಳುವ ಶಕ್ತಿಗೂ ಇರುವ ಅಂತರ ಸಣ್ಣದಲ್ಲ. ವಿಶ್ವ ಬ್ಯಾಂಕ್ ಮುನ್ನಡೆಸುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮದ 2017ರ ಲೆಕ್ಕದಂತೆ ಒಂದು ಡಾಲರಿನ ವಿನಿಮಯ ದರ 65 ರೂಪಾಯಿಯ ಆಸುಪಾಸಿನಲ್ಲಿತ್ತು. ಅಮೆರಿಕದಲ್ಲಿ ಒಂದು ಡಾಲರಿಗೆ ಬರುವಷ್ಟನ್ನು ಭಾರತದಲ್ಲಿ ಕೊಳ್ಳಲು ಮಾತ್ರ 20 ರೂಪಾಯಿ 65 ಪೈಸೆ ಸಾಕಾಗುತ್ತಿತ್ತು. ಇದಕ್ಕೆ ಮುಖ್ಯ ಕಾರಣ ಮನುಷ್ಯರ ದುಡಿಮೆಯ ಬೆಲೆ. ಮೊಬೈಲ್, ಲ್ಯಾಪ್‌ಟಾಪ್, ವಿಮಾನದ ಟಿಕೆಟ್ ಎಲ್ಲಿ ಕೊಂಡರೂ ಹೆಚ್ಚುಕಡಿಮೆ ಅದೇ ಬೆಲೆ. ಕ್ಷೌರ, ನಲ್ಲಿ ರಿಪೇರಿ, ಆಟೋ, ದರ್ಶಿನಿಯ ಇಡ್ಲಿ-ವಡೆ, ಮನೆಗೆ ಬಂದು ಅಡುಗೆ ಮಾಡಿಕೊಡುವವರ ಸಂಬಳ ಇವೆಲ್ಲ ನಮ್ಮಲ್ಲಿ ಅಗ್ಗ, ಏಕೆಂದರೆ ಅವುಗಳ ಹಿಂದಿರುವ ಕೈಗಳಿಗೆ ಕೂಲಿ ಕಡಿಮೆ. ಬೇರೆಯವರ ಕೈಗಳನ್ನು ನಂಬಿ ನಡೆಯುವ ಸಂಸಾರಕ್ಕೆ ವಲಸೆ ದುಬಾರಿ. ತನ್ನ ಕೆಲಸ ತಾನೇ ಮಾಡಿಕೊಳ್ಳುವ ಸಂಸಾರಕ್ಕೆ ಅದೇ ಸಂಬಳದಲ್ಲಿ ಒಂದಿಷ್ಟು ಉಳಿಯುತ್ತದೆ. ಯಾವ ದೇಶ ದುಬಾರಿ ಎಂದು ಕೇಳುವುದಕ್ಕೆ ಮೊದಲು ತನ್ನ ಮನೆ ಯಾವ ರೀತಿಯದು ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಬೆಂಗಳೂರಿನ ಎಂಜಿನಿಯರುಗಳು ದೊಡ್ಡ ಸಂಖ್ಯೆಯಲ್ಲಿ ಹೋಗುತ್ತಿರುವ ಜರ್ಮನಿಯನ್ನೇ ತೆಗೆದುಕೊಳ್ಳಬಹುದು. ಅಲ್ಲಿ 60,000 ಯೂರೋ ವಾರ್ಷಿಕ ಸಂಬಳ ಎಂದರೆ ತಿಂಗಳಿಗೆ 5,000. ಪಿಂಚಣಿ, ಆರೋಗ್ಯ, ನಿರುದ್ಯೋಗ ಮತ್ತು ವೃದ್ಧಾಪ್ಯದ ಆರೈಕೆ ಎಂಬ ನಾಲ್ಕು ಕಡ್ಡಾಯ ವಿಮೆಗಳಿಗೆ ನೌಕರನ ಪಾಲಾಗಿ ಐದನೇ ಒಂದು ಭಾಗ ಹೋಗುತ್ತದೆ. ಅದರ ಮೇಲೆ ಆದಾಯ ತೆರಿಗೆ. ಒಂಟಿಯಾಗಿರುವವರ ಕೈಗೆ 2025ರ ದರಗಳಲ್ಲಿ ಸಿಗುವುದು ಸುಮಾರು 3,100 ಯೂರೋ. ಮದುವೆಯಾಗಿ ಸಂಗಾತಿ ಕೆಲಸದಲ್ಲಿಲ್ಲದಿದ್ದರೆ ತೆರಿಗೆಯ ವರ್ಗ ಬದಲಾಗಿ ಮುನ್ನೂರು ನಾನೂರು ಯೂರೋ ಹೆಚ್ಚು ಸಿಗುತ್ತದೆ. ಊರಿನ ಲೆಕ್ಕ ಇಲ್ಲಿಂದ ಶುರುವಾಗಬೇಕೇ ಹೊರತು ಆಫರ್ ಪತ್ರದ ಮೊತ್ತದಿಂದಲ್ಲ.

ಬಾಡಿಗೆಯೇ ಎಲ್ಲಕ್ಕಿಂತ ದೊಡ್ಡ ತುತ್ತು. ಮ್ಯೂನಿಕ್‌ನಲ್ಲಿ ಎರಡು ಕೋಣೆಯ ಮನೆಗೆ 1,500 ಯೂರೋ ದಾಟುವುದು ಸಾಮಾನ್ಯ. ಅದೇ ದೇಶದ ಲೈಪ್‌ಜಿಗ್‌ನಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಮನೆ ಸಿಗುತ್ತದೆ. ಹಾಗಾಗಿ ದೇಶಕ್ಕಿಂತ ಊರಿನ ಆಯ್ಕೆ ಮುಖ್ಯ. ಮ್ಯೂನಿಕ್‌ನ ಹೆಚ್ಚು ಸಂಬಳಕ್ಕಿಂತ ಲೈಪ್‌ಜಿಗ್‌ನ ಕಡಿಮೆ ಸಂಬಳದಲ್ಲಿ ಹೆಚ್ಚು ಉಳಿಯಬಹುದು. ಬೆಂಗಳೂರಿನ ಹತ್ತು ತಿಂಗಳ ಮುಂಗಡಕ್ಕೆ ಒಗ್ಗಿದವರಿಗೆ ಅಲ್ಲಿನ ಠೇವಣಿ ಹಗುರ ಎನಿಸುತ್ತದೆ. ಕಾನೂನಿನ ಪ್ರಕಾರ ಅದು ಮೂಲ ಬಾಡಿಗೆಯ ಮೂರು ತಿಂಗಳ ಮೊತ್ತವನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತಿನಲ್ಲಿ ಕೊಡಬಹುದು. ಆದರೆ ಬಹಳ ಮನೆಗಳಲ್ಲಿ ಅಡುಗೆಮನೆ ಎಂದರೆ ನಾಲ್ಕು ಗೋಡೆ, ಒಂದು ನೀರಿನ ಕೊಳವೆ ಅಷ್ಟೇ. ಸಿಂಕು, ಒಲೆ, ಕಪಾಟುಗಳನ್ನು ಹೊಸದಾಗಿ ಕೂಡಿಸಿಕೊಳ್ಳಬೇಕು, ಇಲ್ಲವೇ ಬಿಟ್ಟುಹೋಗುವ ಬಾಡಿಗೆದಾರರಿಂದ ಕೊಳ್ಳಬೇಕು. ಮೊದಲ ಸಂಬಳಕ್ಕೆ ಮುಂಚೆಯೇ ಇಷ್ಟೆಲ್ಲ ಬಂದು ನಿಲ್ಲುತ್ತದೆ. ಮೂರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಳ್ಳದೆ ವಿಮಾನ ಹತ್ತುವುದು ದುಡುಕು.

ಬಾಡಿಗೆಯನ್ನು ಅಲ್ಲಿ ಎರಡು ರೀತಿ ಹೇಳುತ್ತಾರೆ. ಗೋಡೆ-ಚಾವಣಿಗೆ ಮಾತ್ರ ಕೊಡುವುದು ತಣ್ಣನೆಯ ಬಾಡಿಗೆ. ಕೋಣೆ ಕಾಯಿಸುವ ವೆಚ್ಚ, ನೀರು, ಕಸ, ಮೆಟ್ಟಿಲ ದೀಪ ಎಲ್ಲ ಸೇರಿದ್ದು ಬೆಚ್ಚಗಿನ ಬಾಡಿಗೆ. ಈ ಎರಡನೆಯದು ಮುಂಗಡ ಅಂದಾಜು ಮಾತ್ರ. ಕಿಟಕಿಯ ಕೆಳಗೆ ಬಿಳಿ ಬಣ್ಣದ ರೇಡಿಯೇಟರ್, ಅದರ ತುದಿಯಲ್ಲಿ ಒಂದರಿಂದ ಐದರವರೆಗೆ ಅಂಕಿಯಿರುವ ತಿರುಗಣಿ. ಮೂರಕ್ಕಿಟ್ಟರೆ ಕೋಣೆ 20 ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಚಳಿ ಕಾಣದ ಊರಿನಿಂದ ಹೋದವರು ಅದನ್ನು ಐದಕ್ಕೆ ತಿರುಗಿಸಿ, ಉಸಿರು ಕಟ್ಟಿದಂತಾಗಿ ಕಿಟಕಿಯನ್ನು ಅರೆ ತೆರೆದು, ಹಾಗೆಯೇ ಆಫೀಸಿಗೆ ಹೊರಡುತ್ತಾರೆ. ಮರುವರ್ಷ ವರ್ಷದ ಲೆಕ್ಕದ ಚೀಟಿ ಬಂದಾಗ ನೂರಾರು ಯೂರೋ ಬಾಕಿ ಎಂದಿರುತ್ತದೆ. ಅಲ್ಲಿನವರು ದಿನಕ್ಕೆ ಎರಡು ಮೂರು ಬಾರಿ ತಿರುಗಣಿ ಇಳಿಸಿ, ಕಿಟಕಿಯನ್ನು ಐದಾರು ನಿಮಿಷ ಪೂರ್ತಿ ತೆರೆದು ಗಾಳಿಯಾಡಿಸಿ ಮುಚ್ಚುತ್ತಾರೆ. ಗೋಡೆಗೆ ಬೂಷ್ಟು ಹಿಡಿಯುವುದಿಲ್ಲ, ಬಿಲ್ಲೂ ಏರುವುದಿಲ್ಲ. ಒಂದು ಸಣ್ಣ ರೂಢಿಯನ್ನು ಕಲಿಯದಿದ್ದರೆ ತಿಂಗಳ ಉಳಿತಾಯವೇ ಹೋಗುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಇಂಥ ಖರ್ಚುಗಳು ಇನ್ನೂ ಇವೆ. ಟಿವಿ ಇರಲಿ ಬಿಡಲಿ, ಮನೆಯೊಂದಕ್ಕೆ ತಿಂಗಳಿಗೆ 18.36 ಯೂರೋ ಪ್ರಸಾರ ಶುಲ್ಕ ಕಟ್ಟಬೇಕು. ಭಾರತದ ಡ್ರೈವಿಂಗ್ ಲೈಸೆನ್ಸ್ ಆರು ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಬರಹದ ಪರೀಕ್ಷೆ, ಓಡಿಸುವ ಪರೀಕ್ಷೆ ಎರಡನ್ನೂ ಮತ್ತೆ ಪಾಸು ಮಾಡಬೇಕು.

ಕೊಟ್ಟಿದ್ದಕ್ಕೆ ಪ್ರತಿಯಾಗಿ ಸಿಗುವುದನ್ನೂ ಅಷ್ಟೇ ನ್ಯಾಯವಾಗಿ ಎಣಿಸಬೇಕು. ಕಡ್ಡಾಯ ಆರೋಗ್ಯ ವಿಮೆಯಲ್ಲಿ ಕೆಲಸವಿಲ್ಲದ ಸಂಗಾತಿ ಮತ್ತು ಮಕ್ಕಳು ಹೆಚ್ಚಿನ ಕಂತಿಲ್ಲದೆ ಸೇರುತ್ತಾರೆ. ವೈದ್ಯರ ಬಳಿ ಹೋದಾಗ ಜೇಬಿಗೆ ಕೈ ಹಾಕುವ ಪ್ರಸಂಗ ಅಪರೂಪ, ತಜ್ಞವೈದ್ಯರಿಗಾಗಿ ಕಾಯುವುದು ಮಾತ್ರ ದೀರ್ಘ. ಕಾಯಿಲೆ ಬಿದ್ದರೆ ಆರು ವಾರ ಪೂರ್ತಿ ಸಂಬಳ. ವಾರಕ್ಕೆ ಐದು ದಿನ ದುಡಿಯುವವರಿಗೆ ಕಾನೂನಿನಂತೆ ವರ್ಷಕ್ಕೆ ಕನಿಷ್ಠ 20 ದಿನ ರಜೆ, ಎಷ್ಟೋ ಕಂಪನಿಗಳು 30 ದಿನ ಕೊಡುತ್ತವೆ. ಸರ್ಕಾರಿ ಶಾಲೆಗೆ ಶುಲ್ಕವಿಲ್ಲ. 2025ರಲ್ಲಿ ಮಗುವೊಂದಕ್ಕೆ ತಿಂಗಳಿಗೆ 255 ಯೂರೋ ಭತ್ಯೆ ಇತ್ತು, ದೇಶದ ಎಲ್ಲ ಊರುಗಳ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲುಗಳಿಗೆ ಒಂದೇ ಪಾಸು 58 ಯೂರೋಗೆ ಸಿಗುತ್ತಿತ್ತು. ಬೆಂಗಳೂರಿನಲ್ಲಿ ಎರಡು ಮಕ್ಕಳ ಖಾಸಗಿ ಶಾಲೆ, ಕಾರಿನ ಇಎಂಐ, ಅಪ್ಪ-ಅಮ್ಮನ ಆಸ್ಪತ್ರೆಯ ಬಿಲ್ಲು ಕಟ್ಟುತ್ತಿರುವವರು ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ. ಸಂಬಳದ ಚೀಟಿಯಲ್ಲಿ ಕಾಣದ ಆದಾಯ ಇಲ್ಲಿದೆ. ಅಪ್ಪ-ಅಮ್ಮ ಊರಲ್ಲೇ ಉಳಿಯುವುದಾದರೆ ಅವರ ಆಸ್ಪತ್ರೆಯ ಖರ್ಚು ಮಾತ್ರ ಜೊತೆಗೇ ಬರುತ್ತದೆ.

ಲೆಕ್ಕ ತಲೆಕೆಳಗಾಗುವುದು ಇಬ್ಬರ ದುಡಿಮೆ ಒಬ್ಬರದಾದಾಗ. ಊರಿನಲ್ಲಿ ಗಂಡ-ಹೆಂಡತಿ ಇಬ್ಬರೂ ದುಡಿಯುತ್ತಿದ್ದು, ಅಲ್ಲಿಗೆ ಹೋದ ಮೇಲೆ ಒಬ್ಬರು ಮನೆಯಲ್ಲಿ ಉಳಿದರೆ ಹೋಲಿಸಬೇಕಾದದ್ದು ಅಲ್ಲಿನ ಒಂದು ಸಂಬಳವನ್ನು ಇಲ್ಲಿನ ಎರಡರ ಜೊತೆ. ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿ ಇರುವವರ ಸಂಗಾತಿಗೆ ಜರ್ಮನಿಯಲ್ಲಿ ಕೆಲಸ ಮಾಡುವ ಹಕ್ಕಿದೆ, ಆದರೆ ಭಾಷೆ ಬಾರದೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಹತ್ತು ವರ್ಷ ಕಟ್ಟಿದ ವೃತ್ತಿಯನ್ನು ಬಿಟ್ಟು ಬಂದವರು ಡಿಸೆಂಬರಿನಲ್ಲಿ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುವ ಬರ್ಲಿನ್ನಿನ ಮನೆಯಲ್ಲಿ ಒಂಟಿಯಾಗಿ ಕೂರುವುದಕ್ಕೆ ಬೆಲೆ ಕಟ್ಟಲಾಗದು ಎಂದು, ಅದನ್ನು ಲೆಕ್ಕದಿಂದಲೇ ಬಿಟ್ಟುಬಿಡುವುದು ಅನ್ಯಾಯ. ಹೊರಡುವ ಮೊದಲೇ ಇಬ್ಬರೂ ಭಾಷೆಯ ತರಗತಿಗೆ ಸೇರಬೇಕು. ಕೆಲಸಕ್ಕೆ ಹೋಗುವವರಿಗಿಂತ ಮನೆಯಲ್ಲಿ ಉಳಿಯುವವರಿಗೆ ಅದು ಹೆಚ್ಚು ಬೇಕು.

ದಿನಚರಿಯೂ ಬದಲಾಗುತ್ತದೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಶನಿವಾರ ಸಂಜೆಯೊಳಗೆ ಹಾಲು, ತರಕಾರಿ ಬರದಿದ್ದರೆ ಸೋಮವಾರವೇ ಗತಿ. ರಾತ್ರಿ ಹತ್ತರ ಮೇಲೆ ಸದ್ದು ಮಾಡುವಂತಿಲ್ಲ. ಸ್ಟುಟ್‌ಗಾರ್ಟ್ ಸುತ್ತಮುತ್ತ ಎಷ್ಟೋ ಕಟ್ಟಡಗಳಲ್ಲಿ ಮೆಟ್ಟಿಲು ಗುಡಿಸುವ ಸರದಿ ಮನೆಯಿಂದ ಮನೆಗೆ ವಾರವಾರ ದಾಟುತ್ತದೆ. ಸಾಫ್ಟ್‌ವೇರ್ ಮ್ಯಾನೇಜರ್ ಆದರೂ ಪೊರಕೆ ಹಿಡಿಯಬೇಕು. ಇದನ್ನು ಅವಮಾನ ಎಂದು ಬಗೆಯುವವರು ಮೊದಲು ತಮ್ಮ ಮನೆಯಲ್ಲೇ ಒಂದೆರಡು ತಿಂಗಳು ಪಾತ್ರೆ ತೊಳೆದು, ಬಟ್ಟೆ ಒಗೆದು, ಅಡುಗೆ ಮಾಡಿ ನೋಡುವುದು ಲೇಸು. ಮನಸ್ಸು ಅದಕ್ಕೆ ಒಗ್ಗಿದರೆ ಹೊರಡಬಹುದು. ಒಗ್ಗದಿದ್ದರೆ ಎಷ್ಟು ಸಂಬಳ ಕೊಟ್ಟರೂ ಅಲ್ಲಿನ ಬದುಕು ಗೊಣಗಾಟದಲ್ಲೇ ಕಳೆಯುತ್ತದೆ.

ಕರಾವಳಿಯವರಿಗೆ ಹಳೆಯ ಪರಿಚಯವಿರುವ ಕೊಲ್ಲಿ ದೇಶಗಳ ಲೆಕ್ಕ ಇದಕ್ಕೆ ತೀರ ಬೇರೆ. ಯುಎಇಯಲ್ಲಿ ಸಂಬಳದ ಮೇಲೆ ಆದಾಯ ತೆರಿಗೆ ಇಲ್ಲ, ಬಂದದ್ದೆಲ್ಲ ಕೈಗೇ ಬರುತ್ತದೆ. ಆದರೆ ಮಕ್ಕಳಿಗೆ ಸಾಮಾನ್ಯವಾಗಿ ಖಾಸಗಿ ಶಾಲೆಯೇ ಗತಿ. ವರ್ಷದ ಬಾಡಿಗೆಯನ್ನು ಮುಂದಿನ ತಾರೀಖಿನ ಕೆಲವೇ ಚೆಕ್ಕುಗಳಲ್ಲಿ ಬರೆದುಕೊಡುವ ಪದ್ಧತಿ. ದುಬೈ ಬಾಡಿಗೆ ತಾಳದೆ ಶಾರ್ಜಾದಲ್ಲಿ ಮನೆ ಮಾಡಿದವರು ಉಳಿಸಿದ ಹಣವನ್ನು ದಿನವೂ ರಸ್ತೆಯಲ್ಲಿ ಗಂಟೆಗಳ ರೂಪದಲ್ಲಿ ತೆರುತ್ತಾರೆ. ಕೆಲಸ ಹೋದರೆ ವೀಸಾದ ಗಡುವು ಓಡಲು ಶುರುವಾಗುತ್ತದೆ. ಜರ್ಮನಿಯಲ್ಲಿ ಪಿಂಚಣಿಗೆಂದು ಹಿಡಿದುಕೊಳ್ಳುವಂಥ ಹಣವನ್ನು ಯುಎಇಯಲ್ಲಿ ನೌಕರ ತಾನೇ ತೆಗೆದಿಡಬೇಕು. ಯಾರೂ ಕೇಳುವುದಿಲ್ಲ ಎಂದು ಖರ್ಚು ಮಾಡಿದರೆ ಇಪ್ಪತ್ತು ವರ್ಷದ ದುಡಿಮೆ ಊರಿನ ಒಂದು ಮನೆಯಲ್ಲಿ, ಮಗಳ ಮದುವೆಯಲ್ಲಿ ಮುಗಿದುಹೋಗುತ್ತದೆ.

ಹೋದ ಮೇಲೆ ಕಾಡುವುದು ಅದೇ ಗುಣಾಕಾರ, ಈ ಸಲ ಖರ್ಚಿನ ಕಡೆಯಿಂದ. ಕಾಫಿ ನಾನೂರು ರೂಪಾಯಿ, ಕ್ಷೌರ ಮೂರು ಸಾವಿರ ಎಂದು ಪ್ರತಿ ಅಂಗಡಿಯ ಮುಂದೆ ಮನಸ್ಸು ನಿಂತುಬಿಡುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಂಥವರು ತಪ್ಪಾಗಿ ಪಾಲಿಸುತ್ತಾರೆ. ಊರಿನ ಹಾಸಿಗೆಯ ಅಳತೆ ಹಿಡಿದು ಪರದೇಶದಲ್ಲಿ ಕಾಲು ಮಡಿಸುತ್ತಾರೆ. ಸೊನ್ನೆಗಿಂತ ಕೆಳಗಿನ ಚಳಿಗೆ ತೆಳು ಜಾಕೆಟ್ ಕೊಂಡು ಕೆಮ್ಮುತ್ತಾರೆ, ಸಹೋದ್ಯೋಗಿಗಳು ಊಟಕ್ಕೆ ಕರೆದರೆ ನೆವ ಹೇಳುತ್ತಾರೆ. ಒಂದೆರಡು ವರ್ಷವಾದ ಮೇಲೆ ಬೇಸತ್ತು, ಹಾಸಿಗೆ ಎಷ್ಟಿದೆ ಎಂದೇ ನೋಡದೆ ಕಾಲು ಚಾಚುತ್ತಾರೆ. ಕಂತಿನಲ್ಲಿ ಕಾರು, ರಜೆ ಬಂದಾಗಲೆಲ್ಲ ಪ್ರವಾಸ, ಊರಿಗೆ ಬಂದಾಗ ನಂಟರಿಗೆಲ್ಲ ಉಡುಗೊರೆ. ಜಿಪುಣತನ, ದುಂದು ಎರಡಕ್ಕೂ ಬೇರು ಒಂದೇ, ತನ್ನ ಹೊಸ ಹಾಸಿಗೆಯನ್ನು ಅಳೆದು ನೋಡಿಲ್ಲ. ಅಲ್ಲಿನ ಖರ್ಚನ್ನು ಅಲ್ಲಿನ ದುಡಿಮೆಯ ಗಂಟೆಗಳಲ್ಲಿ ಅಳೆಯುವುದು ಸರಿಯಾದ ಕ್ರಮ. ಗಂಟೆಗೆ ಕೈಗೆ ಹದಿನೆಂಟು ಯೂರೋ ಸಿಗುವವರಿಗೆ ನಾಲ್ಕು ಯೂರೋ ಕಾಫಿ ಎಂದರೆ ಕಾಲು ಗಂಟೆಗೆ ಚೂರು ಕಡಿಮೆ ದುಡಿಮೆ. ಅದು ಬೇಕೋ ಬೇಡವೋ ಎಂದು ಆಗ ನೆಮ್ಮದಿಯಿಂದ ತೀರ್ಮಾನಿಸಬಹುದು.

ರೂಢಿಸಿಕೊಳ್ಳಬೇಕಾದದ್ದು ಬಹಳವೇನಿಲ್ಲ. ಹೊರಡುವ ಮೊದಲು ಊರಿನ ಮೂರು ತಿಂಗಳ ನಿಜವಾದ ಖರ್ಚು ಬರೆದಿಡುವುದು, ಅದರ ಪ್ರತಿ ಸಾಲಿನ ಮುಂದೆ ಹೋಗುವ ಊರಿನ ಬೆಲೆ ತುಂಬುವುದು, ಆ ಊರಿನಲ್ಲೇ ಇರುವ ಪರಿಚಿತರೊಬ್ಬರನ್ನು ಕೇಳಿ ತಿದ್ದುವುದು. ಕನ್ನಡ ಕೂಟಗಳು ಅನೇಕ ದೊಡ್ಡ ನಗರಗಳಲ್ಲಿ ಇವೆ, ಕೇಳಲು ಸಂಕೋಚಪಡಬೇಕಿಲ್ಲ. ಹೋದ ಮೇಲೆ ಮೊದಲ ವರ್ಷ ಖರ್ಚು ಬರೆಯುವುದು, ಸಂಬಳ ಬಂದ ದಿನವೇ ಉಳಿತಾಯವನ್ನು ಬೇರೆ ಖಾತೆಗೆ ಹಾಕುವುದು. ಊರಿಗೆ ಕಳಿಸುವ ಮೊತ್ತವನ್ನು ಮೊದಲೇ ನಿಗದಿ ಮಾಡಿ ಮನೆಯವರಿಗೂ ತಿಳಿಸುವುದು. ಪರದೇಶದಲ್ಲಿದ್ದಾನೆ ಎಂದ ಮಾತ್ರಕ್ಕೆ ಕೇಳಿದವರಿಗೆಲ್ಲ ಸಾಲ ಕೊಡುತ್ತಾ ಹೋದರೆ ನಂಟೂ ಉಳಿಯದು, ಗಂಟೂ ಉಳಿಯದು.

ವಯಸ್ಸಾದ ತಂದೆ-ತಾಯಿಯ ವಿಷಯ ಬೇರೆಯೇ ಎಣಿಸಬೇಕಾದದ್ದು. ರಾತ್ರೋರಾತ್ರಿ ಫೋನ್ ಬಂದರೆ ಮರುದಿನದ ಟಿಕೆಟ್‌ಗೆ ಬೇಕಾಗುವ ಹಣವನ್ನು ಮುಟ್ಟದೆ ಇಟ್ಟಿರಬೇಕು. ವರ್ಷದ ರಜೆಯಲ್ಲಿ ಒಂದಿಷ್ಟು ದಿನವನ್ನೂ ಅದಕ್ಕಾಗಿಯೇ ಕಾಯ್ದಿಡಬೇಕು. 2024ರ ಮಾರ್ಚ್‌ನಿಂದ ಹೊಸದಾಗಿ ವಾಸದ ಪರವಾನಗಿ ಪಡೆದ ನುರಿತ ಕೆಲಸಗಾರರು ತಂದೆ-ತಾಯಿಯನ್ನು ಕರೆಸಿಕೊಳ್ಳಲು ಜರ್ಮನಿ ದಾರಿ ತೆರೆದಿದೆ, ಆದರೆ ಆ ವಯಸ್ಸಿನವರಿಗೆ ಅಲ್ಲಿ ಆರೋಗ್ಯ ವಿಮೆ ದೊರಕಿಸುವುದೇ ದೊಡ್ಡ ತೊಡಕು.

ಊರಿನ ಕಾಗದಪತ್ರಗಳನ್ನೂ ಸರಿಪಡಿಸಿಕೊಂಡೇ ಹೋಗಬೇಕು. ಅನಿವಾಸಿಯಾದವರು ಇಲ್ಲಿನ ಉಳಿತಾಯ ಖಾತೆಯನ್ನು ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಪರದೇಶದ ದುಡಿಮೆಯನ್ನು ಇಲ್ಲಿ ಇಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲವೆಂದು ನಿಶ್ಚಿಂತೆಯಿಂದ ಇರುವವರು, ಜರ್ಮನಿ ತನ್ನ ನಿವಾಸಿಗಳ ಜಗತ್ತಿನಾದ್ಯಂತದ ಆದಾಯವನ್ನು ತೆರಿಗೆಗೆ ಒಳಪಡಿಸುತ್ತದೆ ಎಂಬುದನ್ನು ತಿಳಿದಿರಬೇಕು. ಉಳಿಸಿದ ಹಣದಲ್ಲಿ ಊರಲ್ಲಿ ತೋಟ ಮಾಡುವ ಆಸೆಯಿದ್ದರೆ, ಅನಿವಾಸಿಗಳು ಕೃಷಿ ಭೂಮಿಯನ್ನು ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮರಳುವ ಯೋಚನೆಯಿರುವವರಿಗೆ ಭಾರತ ಮತ್ತು ಜರ್ಮನಿ ನಡುವೆ 2017ರಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಒಪ್ಪಂದ ನೆರವಾಗುತ್ತದೆ. ಪಿಂಚಣಿಗೆ ಐದು ವರ್ಷ ಕಂತು ಕಟ್ಟಿದ್ದರೆ ನಿವೃತ್ತಿಯ ವಯಸ್ಸಿನಲ್ಲಿ ಅಲ್ಲಿನ ಪಿಂಚಣಿ ಇಲ್ಲಿಗೇ ಬರುತ್ತದೆ. ಅದಕ್ಕಿಂತ ಮೊದಲೇ ಹೊರಟವರು ಷರತ್ತುಗಳಿಗೆ ಒಳಪಟ್ಟು, ಎರಡು ವರ್ಷ ಕಳೆದ ಮೇಲೆ ತಾವು ಕಟ್ಟಿದ ಪಾಲನ್ನು ಹಿಂದಕ್ಕೆ ಕೇಳಬಹುದು. ಇದಕ್ಕಾಗಿ ಸಂಬಳದ ಚೀಟಿಗಳು, ವಿಮೆಯ ಸಂಖ್ಯೆ, ಮನೆ ಖಾಲಿ ಮಾಡಿ ವಿಳಾಸ ರದ್ದುಪಡಿಸಿದ ಪತ್ರ ಇವನ್ನು ಜೋಪಾನವಾಗಿ ತರಬೇಕು.