ಸಂಬಳ ಮತ್ತು ಗೌರವಧನ

ಸರ್ಕಾರಿ ನೌಕರರ ಸಂಬಳ ಏರಿತೆಂಬ ಸುದ್ದಿ ಬಂದಾಗಲೆಲ್ಲ ನಮ್ಮಂಥ ಊರುಗಳ ಬೀದಿ ಎರಡು ಪಾಲಾಗುತ್ತದೆ. ಸಂಬಳದವರ ಮನೆಯಲ್ಲಿ ಲೆಕ್ಕಾಚಾರ, ಉಳಿದವರ ಮನೆಯಲ್ಲಿ ಗೊಣಗಾಟ. “ಇವರಿಗೇನು ಕಮ್ಮಿಯಾಗಿತ್ತು? ಮಾಡೋ ಕೆಲಸಕ್ಕೆ ಇದ್ದದ್ದೇ ಹೆಚ್ಚು” ಎಂಬ ಮಾತು ತರಕಾರಿ ಗಾಡಿಯ ಹತ್ತಿರ ನನ್ನ ಕಿವಿಗೂ ಬಿದ್ದಿದೆ. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಹೇಳಿ ಈಗ ಪಿಂಚಣಿಯಲ್ಲಿ ಬದುಕುತ್ತಿರುವ ನನಗೆ ಅದು ಚುಚ್ಚುತ್ತದೆ. ಹಾಗೆಂದು ಹೊಟ್ಟೆಕಿಚ್ಚಿನ ಮಾತೆಂದು ತಳ್ಳಿಹಾಕಲೂ ಮನಸ್ಸು ಒಪ್ಪುವುದಿಲ್ಲ.

ಮೊದಲು ಲೆಕ್ಕವನ್ನೇ ನೋಡೋಣ. 2023ರ ಮಾರ್ಚ್ 1ರಂದು ರಾಜ್ಯದ ನೌಕರರು ಮುಷ್ಕರ ಹೂಡಿದರು. ಮೂಲ ವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರ ಘೋಷಣೆಯಾಗಿ ಅದೇ ದಿನ ಮುಷ್ಕರ ನಿಂತಿತು. ಕೆ. ಸುಧಾಕರ ರಾವ್ ಅಧ್ಯಕ್ಷರಾಗಿದ್ದ ಏಳನೇ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿ ಆಯಿತು. ಶೇ. 58.5ರ ಏರಿಕೆಯೆಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಆದರೆ ಅದರಲ್ಲಿ 31 ಪಾಲು ಮೊದಲಿನಿಂದ ಬರುತ್ತಿದ್ದ ತುಟ್ಟಿಭತ್ಯೆ, ಮೂಲ ವೇತನಕ್ಕೆ ಸೇರಿಸಿದ್ದು ಅಷ್ಟೆ. ಉಳಿದ 27.5ರಲ್ಲಿ 17 ಮಧ್ಯಂತರವಾಗಿ ಆಗಲೇ ಕೈಸೇರಿತ್ತು. ಬೀದಿಯಲ್ಲಿ ಕಂಡಷ್ಟು ದೊಡ್ಡ ಗಂಟು ಮನೆಯೊಳಗೆ ಬರಲಿಲ್ಲ.

ಸಂಬಳ ಎಂಬ ಮಾತಿನ ಹಳೆಯ ಅರ್ಥ ದಾರಿಯ ಬುತ್ತಿ. ಪಯಣ ಹೊರಟವರಿಗೆ ಕಟ್ಟಿಕೊಡುವ ಅನ್ನ. ಈ ಅರ್ಥ ನನಗೆ ಬಹಳ ಹಿಡಿಸುತ್ತದೆ. ಬುತ್ತಿ ಬಹುಮಾನವಲ್ಲ, ಭಿಕ್ಷೆಯೂ ಅಲ್ಲ. ದಾರಿ ಸಾಗಬೇಕಾದರೆ ಅದು ಬೇಕು. ಅಕ್ಕಿ, ಎಣ್ಣೆ, ಮಕ್ಕಳ ಫೀಜು ಏರುತ್ತಿರುವಾಗ ಬುತ್ತಿ ಸಾಲದೆಂದು ಹೇಳುವುದು ದುರಾಸೆಯಲ್ಲ. ಅತ್ತ ಮಗುವಿಗೇ ಹಾಲೆಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಆದರೆ ಎಲ್ಲರ ಅಳುವೂ ಒಂದೇ ಸಮನಾಗಿ ಕೇಳಿಸುತ್ತದೆಯೇ?

ನನ್ನ ಓರಗಿತ್ತಿ ಅಂಗನವಾಡಿ ಕಾರ್ಯಕರ್ತೆ. ಮಕ್ಕಳನ್ನು ತೂಗುತ್ತಾಳೆ, ಉಣಿಸುತ್ತಾಳೆ, ಬಸುರಿ ಬಾಣಂತಿಯರ ಮನೆ ಸುತ್ತುತ್ತಾಳೆ, ರಾತ್ರಿ ಮೊಬೈಲಿನಲ್ಲಿ ಲೆಕ್ಕ ತುಂಬುತ್ತಾಳೆ. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಈ ಯೋಜನೆ ಶುರುವಾದದ್ದು 1975ರಲ್ಲಿ. ಇವರೂ ಗ್ರಾಚ್ಯುಯಿಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. 2025ರ ಜನವರಿಯ ಚಳಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತಾಗ ಸಿಕ್ಕಿದ್ದು ತಿಂಗಳಿಗೆ ಹತ್ತು ಸಾವಿರದ ಭರವಸೆ.

ಗೌರವ ಎಂಬ ಈ ಮಾತಿನ ಮೇಲೆ ನನಗೆ ಗುಮಾನಿ. ಹೆಂಗಸರಿಗೆ ಇದು ಹೊಸದೇನಲ್ಲ. ಅಡುಗೆಮನೆಯಲ್ಲಿ ನಮ್ಮನ್ನು ಅನ್ನಪೂರ್ಣೆ ಎಂದರು, ಸಹಿಸಿಕೊಂಡಾಗ ಭೂಮಿತಾಯಿ ಎಂದರು. ಹೊಗಳಿದ್ದಾಯಿತಲ್ಲ, ಇನ್ನು ಕೊಡುವುದೇನು ಎಂಬಂತೆ. ಕೂಲಿ ಕೊಡಬೇಕಾದ ಕಡೆ ಗೌರವ ಕೊಟ್ಟರೆ ಹೆಚ್ಚು ಕೇಳಲು ಬಾಯೇ ಬರುವುದಿಲ್ಲ. ಕೇಳಿದವಳಿಗೆ ಸೇವಾಭಾವವಿಲ್ಲವೆಂಬ ಹೆಸರು ಬೇರೆ.

ಹಾಗಾದರೆ ನೌಕರರು ತಮ್ಮ ಏರಿಕೆ ಬಿಟ್ಟುಕೊಡಬೇಕೇ? ಓರಗಿತ್ತಿಯನ್ನೇ ಕೇಳಿದೆ. “ನಿಮ್ಮದು ಇಳಿದರೆ ನನ್ನದು ಏರುತ್ತದೆಯೇ ಅಕ್ಕಾ?” ಎಂದು ನಕ್ಕಳು. ಆ ನಗುವಿನಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಒಬ್ಬರ ತಟ್ಟೆ ಕಸಿದ ಮಾತ್ರಕ್ಕೆ ಇನ್ನೊಬ್ಬರ ಹೊಟ್ಟೆ ತುಂಬುವುದಿಲ್ಲ.

ಬೊಕ್ಕಸ ಅಕ್ಷಯಪಾತ್ರೆಯಲ್ಲ, ನಿಜ. ಏಳನೇ ಆಯೋಗದ ಏರಿಕೆಗೇ ವರ್ಷಕ್ಕೆ 20,000 ಕೋಟಿ ರೂಪಾಯಿಗೂ ಮೇಲ್ಪಟ್ಟ ಹೊರೆಯೆಂದು ಸರ್ಕಾರ ಹೇಳಿತು. ಎಲ್ಲರಿಗೂ ಒಮ್ಮೆಗೇ ಆಗದಿದ್ದಾಗ ಏನು ಮಾಡಬೇಕೆಂಬುದನ್ನು ಬಡಿಸುವ ಹೆಂಗಸರು ಬಲ್ಲರು. ಎರಡನೇ ಸಲ ಅನ್ನ ತರುವ ಮುನ್ನ ಪಂಕ್ತಿಯ ಕೊನೆಯ ಎಲೆಗೆ ಮೊದಲನೆಯದು ಬಿದ್ದಿದೆಯೇ ಎಂದು ನೋಡುತ್ತೇವೆ. ಉಣ್ಣುವವರನ್ನು ಏಳಿ ಎನ್ನುವುದಿಲ್ಲ. ಆದರೆ ಕುಳಿತವರಲ್ಲಿ ಯಾರಾದರೂ “ಮೊದಲು ಅಲ್ಲಿಗೆ ಬಡಿಸಿ” ಎಂದರೆ ಆ ಮಾತಿಗೆ ತೂಕವಿರುತ್ತದೆ. ಮುಷ್ಕರ ಹೂಡುವ ಬಲವಿರುವ ನೌಕರರು ತಮ್ಮ ಬೇಡಿಕೆಯ ಪಟ್ಟಿಯಲ್ಲಿ ಈ ಹೆಂಗಸರ ಹೆಸರನ್ನೂ ಬರೆದರೆ, ತರಕಾರಿ ಗಾಡಿಯ ಹತ್ತಿರದ ಗೊಣಗಾಟಕ್ಕೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ತೋರದು.